ಆ ಎಕ್ಸ್ ಎಲ್ಲಿಂದ ಬಂತು

"ಮುಂದ ಏನ್ ಬರೀಲ್ರಿ ಮೇಡಂ?"

ಫಿರೋಜ ಬ್ರಷ್ಷನ್ನು ಬಣ್ಣದ ಡಬ್ಬಿಯ ಅಂಚಿಗೆ ಒತ್ತಿ ಹಿಡಿದು ಕೇಳಿದ. ಕಪ್ಪು ಬಳಿದ ಮರದ ಶಿಲುಬೆ ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅಡ್ಡ ಮಲಗಿತ್ತು. ಸೀಮೆಸುಣ್ಣದ ಗೆರೆಗಳ ನಡುವೆ 'ಸ್ಯಾಮ್ಸನ ಮಾಣಿಕಪ್ಪ' ಎಂಬ ಬಿಳಿ ಅಕ್ಷರಗಳು ಇನ್ನೂ ಹಸಿಯಾಗಿದ್ದವು. ಹೆಸರಿನ ಪಕ್ಕದಲ್ಲಿ ಒಂದಿಷ್ಟು ಜಾಗ ಉಳಿದಿತ್ತು.

ಏಂಜೆಲ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವಳ ತಾಯಿ ರೂತಳ ದನಿ ಬಂತು. "ಬಿ.ಇ. ಅಂತ ಬರೀಪಾ."

"ಬ್ಯಾಡ," ಎಂದ ತಮ್ಮ ಜೋಯಲ. ಅವನು ಔರಾದದಲ್ಲಿ ಔಷಧದ ಅಂಗಡಿ ಇಟ್ಟವನು. ಅಪ್ಪ ತೀರಿದ ಸುದ್ದಿ ತಿಳಿದ ಕೂಡಲೇ ಬೀದರಿನ ನೌಬಾದದ ಈ ಮನೆಗೆ ಓಡಿ ಬಂದು, ಶಾಮಿಯಾನ, ಪೆಟ್ಟಿಗೆ, ಗುಣಿ ತೋಡುವವರು ಎಂದು ಒಬ್ಬನೇ ಓಡಾಡಿ ಅವನ ಗಂಟಲು ಬಿದ್ದುಹೋಗಿತ್ತು. "ಅಪ್ಪ ಪಾಸ್ ಆಗಿಲ್ಲವ್ವಾ. ಎಲ್ಲಾರಿಗೂ ಗೊತ್ತದ. ಅವರೇ ಊರ ತುಂಬ ಹೇಳ್ಕೋತ ತಿರಗ್ಯಾರ. ಈಗ ಸಮಾಧಿ ಮ್ಯಾಲ ಬಿ.ಇ. ಅಂತ ಬರಸಿದ್ರ ಮಂದಿ ನಗತಾರ."

"ನಗಲಿ. ನನ್ನ ಲಗ್ನದ ಕಾರ್ಡಿನ ಮ್ಯಾಲ ಬಿ.ಇ. ಅಂತೇ ಇತ್ತು."

ಅದು ಖರೆ. ಲಗ್ನದ ಹೊತ್ತಿಗೆ ಸ್ಯಾಮ್ಸನನ ಪರೀಕ್ಷೆಗಳೆಲ್ಲ ಮುಗಿದು, ಗಣಿತದ ಒಂದು ಪೇಪರಿನ ಫಲಿತಾಂಶ ಮಾತ್ರ ಬರಬೇಕಿತ್ತು. ಔರಾದ ಕಡೆಯ ಹಳ್ಳಿಯಿಂದ ಬಂದು, ಮಿಶನ್ ಬೋರ್ಡಿಂಗಿನಲ್ಲಿ ಉಂಡು ಓದಿ, ಗುಲ್ಬರ್ಗಾದ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರ ಕೇರಿಗೆ ಅವನೇ ಮೊದಲಿಗ. ಇಂಥ ಹುಡುಗ ಪಾಸಾಗದೆ ಎಲ್ಲಿ ಹೋಗುತ್ತಾನೆ ಎಂದು ರೂತಳ ಅಪ್ಪ ಆ ಎರಡಕ್ಷರಗಳನ್ನು ಮೊದಲೇ ಅಚ್ಚು ಹಾಕಿಸಿಬಿಟ್ಟಿದ್ದರು. ಫಲಿತಾಂಶ ಬಂತು, ಪೇಪರು ಉಳಿಯಿತು. ಆಮೇಲೆ ಎಷ್ಟು ಸಲ ಕುಳಿತರೂ ಉಳಿಯಿತು. ಸ್ಯಾಮ್ಸನ ಭಾಲ್ಕಿಯ ಕಾಲುವೆ ವಿಭಾಗದಲ್ಲಿ ವರ್ಕ್ ಇನ್‌ಸ್ಪೆಕ್ಟರನಾಗಿ ಸೇರಿ, ಅದೇ ಹುದ್ದೆಯಲ್ಲಿ ನಿವೃತ್ತನಾದ. ಜೊತೆಗೆ ಓದಿದವರು ಅವನಿಗೇ ಸಾಹೇಬರಾಗಿ ಬಂದು, ಬಡ್ತಿ ಪಡೆದು, ಮುಂದಿನ ಊರಿಗೆ ಹೋದರು. ಯಾರಾದರೂ 'ಇಂಜಿನಿಯರ ಸಾಬ' ಎಂದು ಕರೆದರೆ, "ನಾ ಇಂಜಿನಿಯರ ಅಲ್ರಿ, ನಂದು ಒಂದು ಸಬ್ಜೆಕ್ಟ್ ಉಳದದ" ಎಂದು ತಿದ್ದಿಯೇ ಅವನು ಮುಂದಿನ ಮಾತಿಗೆ ಹೋಗುತ್ತಿದ್ದುದು.

"ಅಕ್ಕಾ, ನೀ ಹೇಳು," ಎಂದ ಜೋಯಲ. "ಚರ್ಚಿನ್ಯಾಗ ಜೀವನ ಚರಿತ್ರೆ ಓದಾಕಿ ನೀನೇ ಅಲ್ಲ? ಅಲ್ಲಿ ಏನು ಓದ್ತಿ ಅದೇ ಇಲ್ಲಿ ಬರಸೋಣು."

ಏಂಜೆಲ ಬೀದರಿನ ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುವವಳು. ತೊಡಕಿನ ಮಾತು ಬಂದಾಗಲೆಲ್ಲ ಮನೆಯವರು ಅವಳ ಮುಖ ನೋಡುವುದು ರೂಢಿ. ಅವಳು ತೆರೆದ ಬಾಗಿಲಿನೊಳಗೆ ನೋಡಿದಳು. ಪೆಟ್ಟಿಗೆಯಲ್ಲಿ ಅಪ್ಪ ಬಿಳಿ ಅಂಗಿ ತೊಟ್ಟು ಮಲಗಿದ್ದ. ನಿನ್ನೆ ಸ್ನಾನ ಮಾಡಿ ಬಂದು, ಚಹಾ ಕೊಡು ಎಂದು ಕೂತವನು ಚಹಾ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮುಖದಲ್ಲಿ ಇನ್ನೂ ಚಹಾಕ್ಕೆ ಕಾಯುತ್ತಿರುವವನ ಶಾಂತಿಯಿತ್ತು.

"ಹುಟ್ಟಿದ್ದು, ತೀರಿಕೊಂಡಿದ್ದು ಮೊದಲ ಬರೀರಿ," ಎಂದಳು ಫಿರೋಜನಿಗೆ. "ಅದನ್ನ ಆಮ್ಯಾಲ ಹೇಳ್ತೇನಿ."

*

ವಿಶ್ವವಿದ್ಯಾಲಯ ಹಳೆಯ ವಿದ್ಯಾರ್ಥಿಗಳಿಗೆ ಕಡೆಯದೊಂದು ಅವಕಾಶ ಕೊಟ್ಟಾಗ ಏಂಜೆಲ ಬಿ.ಎಸ್ಸಿ. ಓದುತ್ತಿದ್ದಳು. ಆಗ ಮನೆಯವರೆಲ್ಲ ಭಾಲ್ಕಿಯಲ್ಲಿ ಕಾಲುವೆ ಇಲಾಖೆಯ ಮನೆಯಲ್ಲಿದ್ದರು. ಗೋಲ್ಡನ್ ಚಾನ್ಸ್ ಎಂದು ಯಾರೋ ಪೇಪರ್ ತುಣುಕು ತಂದುಕೊಟ್ಟಿದ್ದರು. ಕಿವಿಯ ಮೇಲಿನ ಕೂದಲು ನರೆತಿದ್ದ ಅಪ್ಪ ನಾಚುತ್ತ ಬಂದು, "ಬೇಟಾ, ನಿನ್ನ ಸಿಲೆಬಸ್ಸಿನ್ಯಾಗ ಡಿಫರೆನ್ಶಿಯಲ್ ಸಮೀಕರಣ ಅದಾವಲ್ಲ? ನನಗ ಸ್ವಲ್ಪ ಹೇಳಿಕೊಡ್ತಿಯೇನು?" ಎಂದಿದ್ದ.

ಇಲಾಖೆಯ ಜೀಪು ಬರುವ ಮೊದಲು, ದಿನಾ ಬೆಳಿಗ್ಗೆ, ಅಡುಗೆಮನೆಯಲ್ಲಿ ಪಾಠ. ಅವ್ವ ಆಸ್ಪತ್ರೆಯ ಡ್ಯೂಟಿಗೆ ಹೋಗುವ ಅವಸರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಬರೆಯುತ್ತಿದ್ದ. ಲೆಕ್ಕದಲ್ಲಿ ಅವನ ಕೈ ಚುರುಕು. ತೊಡಕು ಬಂದದ್ದು ಒಂದೇ ಕಡೆ.

"ವೈ ಡಬಲ್ ಡ್ಯಾಶ್, ಮೈನಸ್ ಆರು ವೈ ಡ್ಯಾಶ್, ಪ್ಲಸ್ ಒಂಬತ್ತು ವೈ, ಬರೋಬರಿ ಸೊನ್ನಿ," ಎಂದು ಓದಿದ ಅಪ್ಪ. "ಇದಕ್ಕ ಎಂ ವರ್ಗ ಮೈನಸ್ ಆರು ಎಂ ಪ್ಲಸ್ ಒಂಬತ್ತು ಅಂತ ಬರಕೋಬೇಕು. ಬಿಡಿಸಿದ್ರ ಎಂ ಅಂದ್ರ ಮೂರು, ಇನ್ನೊಂದು ಎಂ ಅಂದ್ರನೂ ಮೂರು. ಖರೆ ಅದನೋ ಇಲ್ಲೋ?"

"ಖರೆ ಅದರಿ."

"ಎರಡು ಮೂಲ ಬ್ಯಾರೆ ಬ್ಯಾರೆ ಇದ್ರ ಎರಡು ಉತ್ತರ ಸಿಗತಾವ, ಕೂಡಿಸಿ ಬರೀಬೇಕು. ಅದು ತಿಳೀತು. ಇಲ್ಲಿ ಎರಡೂ ಮೂರೇ. ಹಂಗಾದ್ರ ಉತ್ತರ ಒಂದೇ ಆತಲ್ಲ ಬೇಟಾ?"

"ಎರಡು ಬೇಕಾಗ್ತಾವ್ರಿ. ಅದಕ್ಕ ಎರಡನೇದರ ಮುಂದ ಒಂದು ಎಕ್ಸ್ ಹಚ್ಚಬೇಕು. ಇ ಘಾತ ಮೂರು ಎಕ್ಸ್ ಒಂದು, ಎಕ್ಸ್ ಗುಣಿಲೆ ಇ ಘಾತ ಮೂರು ಎಕ್ಸ್ ಇನ್ನೊಂದು."

"ಯಾಕ?"

"ಹಚ್ಚಬೇಕು ಅಂತ ಪುಸ್ತಕದಾಗ ಅದ."

"ಪುಸ್ತಕದಾಗ ಅದ, ನಾನೂ ನೋಡೀನಿ. ಗುಲ್ಬರ್ಗಾದಾಗೂ ಹಚ್ಚು ಅಂತೇ ಅಂದ್ರು. ಆದ್ರ ಆ ಎಕ್ಸ್ ಎಲ್ಲಿಂದ ಬಂತು? ಯಾಕ ಎಕ್ಸೇ? ಎಕ್ಸ್ ವರ್ಗ ಯಾಕ ಅಲ್ಲ?"

ಮರುದಿನವೂ ಅದೇ ಪ್ರಶ್ನೆ. ಅದರ ಮರುದಿನವೂ. ಒಂದು ಬೆಳಿಗ್ಗೆ ಗೆಳತಿ ಶರ್ವರಿ ಬೀದರಿನ ಬಸ್ಸಿಗೆ ಜೊತೆಗೂಡಲು ಬಂದು ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಮತ್ತೆ "ಯಾಕ?" ಎಂದ. ಏಂಜೆಲಳಿಗೆ ಏನಾಯಿತೋ.

"ಇದಕ್ಕೇ ನೀವು ಇಷ್ಟು ವರ್ಷ ಫೇಲ್ ಆಗಿದ್ದು! ಮಂದಿ ಸುಮ್ಮ ಎಕ್ಸ್ ಹಚ್ಚಿ, ಪಾಸಾಗಿ, ನಿಮ್ಮ ಮ್ಯಾಲ ಸಾಹೇಬರಾಗಿ ಕುಂತಾರ. ನೀವು ಯಾಕ, ಯಾಕ ಅಂತ ಇಲ್ಲೇ ಕುಂತೀರಿ. ತಲಿಗೆ ಹೋಗಂಗಿಲ್ಲಂದ್ರ ಬಿಡ್ರಿ!"

ರೊಟ್ಟಿಯ ಸಪ್ಪಳ ನಿಂತಿತು. ಶರ್ವರಿ ತಲೆ ತಗ್ಗಿಸಿದಳು. ಏಂಜೆಲ ಅಳುತ್ತ ಚೀಲ ಹೆಗಲಿಗೇರಿಸಿದಳು. ಬೈದವಳು ತಾನು, ಅಳುವವಳೂ ತಾನು. ಅಪ್ಪ ಪೆನ್ನಿಗೆ ಟೋಪಿ ಹಾಕಿ, "ಆತು ಬೇಟಾ. ಬಸ್ ತಪ್ಪತದ, ಹೋಗು," ಎಂದ.

ಮರುದಿನ ಅವನು ಕೇಳಲಿಲ್ಲ. ಗುಲ್ಬರ್ಗಾಕ್ಕೆ ಹೋಗಿ ಪರೀಕ್ಷೆ ಬರೆದು ಬಂದ. ಫೇಲಾದ. ಆಮೇಲೆ ಮನೆಯಲ್ಲಿ ಗಣಿತದ ಮಾತೇ ಬರಲಿಲ್ಲ.

*

ಹೊತ್ತು ಏರಿದಂತೆ ಮಂದಿ ಕೂಡತೊಡಗಿದರು. ಮಿಶನ್ ಆಸ್ಪತ್ರೆಯಲ್ಲಿ ರೂತಳ ಜೊತೆ ಕೆಲಸ ಮಾಡಿದ ಹಳೆಯ ನರ್ಸುಗಳು, ಚರ್ಚಿನ ಹಿರಿಯರು, ಏಂಜೆಲಳ ಕಾಲೇಜಿನವರು. ಭಾಲ್ಕಿಯಿಂದ ಸಿದ್ದೇಶ್ವರ ಬಂದರು. ಗುಲ್ಬರ್ಗಾದಲ್ಲಿ ಅಪ್ಪನ ರೂಮಿನಲ್ಲೇ ಇದ್ದವರು, ಕಾರ್ಯನಿರ್ವಾಹಕ ಇಂಜಿನಿಯರ್ ಆಗಿ ನಿವೃತ್ತರಾದವರು. ಪೆಟ್ಟಿಗೆಯ ಹತ್ತಿರ ಕೈಕಟ್ಟಿ ನಿಂತು, ಹೊರಗೆ ಬಂದು ಶಿಲುಬೆಯ ಬಳಿ ಕೂತರು. ಏಂಜೆಲ ನೀರು ತಂದುಕೊಟ್ಟಳು.

"ಹೋದ ತಿಂಗಳ ನಿಮ್ಮಪ್ಪ ಮನಿಗೆ ಬಂದಿದ್ದ ನೋಡವ್ವ," ಎಂದರು ಅವರು. "ಸುಮ್ಮ, ನೋಡಿ ಹೋಗಾಕ ಅಂತ. ಚಹಾ ಕುಡದ, ಅದೂ ಇದೂ ಮಾತಾಡಿದ. ಎದ್ದು ಹೋಗೂ ಮುಂದ ಕೇಳಿದ, ಸಿದ್ದಾ, ಆ ಎಕ್ಸ್ ಎಲ್ಲಿಂದ ಬರ್ತದೋ?"

ಏಂಜೆಲ ತಂಬಿಗೆಯನ್ನು ನೆಲಕ್ಕಿಟ್ಟಳು.

"ಅದೇನ್ರಿ ಕಾಕಾ, ಇನ್ನೂ ನೆನಪಿಟ್ಟಿದ್ರಾ?"

"ಮರತ್ರ ಅವ ಸ್ಯಾಮ್ಸನ ಹ್ಯಾಂಗ ಆಗ್ತಾನ? ಆ ಗೋಲ್ಡನ್ ಚಾನ್ಸಿನ್ಯಾಗ ಅದೇ ಲೆಕ್ಕ ಬಂದಿತ್ತಂತ. ಮೂರು, ಮೂರು ಅಂತ ಮೂಲ ತಗದಾನ. ಮುಂದ ಎಕ್ಸ್ ಹಚ್ಚಿ ಒಂದು ಸಾಲು ಬರದ್ರ ಪಾಸು. ಬರೀಲಿಲ್ಲ, ಪೆನ್ ಇಟ್ಟು ಎದ್ದು ಬಂದ. ಯಾಕಲೇ ಅಂದ್ರ, ತಿಳೀಲಾರದ್ದು ಬರದ್ರ ಕಾಪಿ ಹೊಡದಂಗಲ್ಲೇನೋ ಅಂದ. ನಾ ಅವನಿಗೆ ಹುಚ್ಚ ಅಂದೆ." ಅವರು ನೀರಿನ ಲೋಟವನ್ನು ಕೈಯಲ್ಲೇ ತಿರುಗಿಸಿದರು. "ಮತ್ತ ನಾ ಎಲ್ಲಿ ಹೇಳಲಿ? ನಾ ಬಾಯಿಪಾಠ ಮಾಡಿ ಪಾಸಾದಾವ. ಮನ್ಯಾಗೇ ಲೆಕ್ಚರರ್ ಮಗಳು ಇದ್ದಾಳಲ್ಲೋ, ಅಕಿಗಿ ಕೇಳು ಅಂದೆ."

"ಏನಂದ್ರು?"

"ಅಕಿಗಿ ಕೇಳಂಗಿಲ್ಲ ಅಂದ. ಒಮ್ಮೆ ಕೇಳಿದ್ದೆ, ಅವಾಗ ಅಕಿಗೂ ಗೊತ್ತಿದ್ದಿಲ್ಲ. ಸಣ್ಣ ಹುಡುಗಿ. ಗೆಳತಿ ಎದುರು ಗೊತ್ತಿಲ್ಲ ಅನ್ನಾಕ ನಾಚಿಕಿ ಬಂದು ಅತ್ತುಬಿಟ್ಟಳು. ಅಪ್ಪ ಆಗಿ ನಾನೇ ಅಕಿ ಮಾನ ಕಳದೆ. ಮತ್ತ ಕೇಳಿ ಅಕಿ ಮನಸ್ಸ ನೋಯಿಸಂಗಿಲ್ಲ ಅಂದ."

ಏಂಜೆಲ ಇಷ್ಟು ವರ್ಷ ಅಪ್ಪ ತನ್ನ ಮೇಲೆ ಮುನಿದು ಸುಮ್ಮನಾದ ಎಂದುಕೊಂಡಿದ್ದಳು. ಮುನಿದಿದ್ದರೂ ಆಗುತ್ತಿತ್ತು, ಮುನಿಸಾದರೆ ಒಂದಲ್ಲ ಒಂದು ದಿನ ಇಳಿಯುತ್ತದೆ. ಅವನು ಅವಳನ್ನು ಕಾಪಾಡಲು ಸುಮ್ಮನಿದ್ದ.

"ಅಲ್ಲವ್ವ, ಖರೇನೇ ಆ ಎಕ್ಸ್ ಎಲ್ಲಿಂದ ಬರ್ತದ?" ಎಂದರು ಸಿದ್ದೇಶ್ವರ. "ಅವ ಹೋದ ಮ್ಯಾಲ ನನಗೂ ತಲ್ಯಾಗ ಹುಳ ಬಿಟ್ಟಂಗ ಆಗ್ಯಾದ."

ಅವಳು ಫಿರೋಜನ ಸೀಮೆಸುಣ್ಣ ತೆಗೆದುಕೊಂಡು ಅಂಗಳಕ್ಕೆ ಹಾಸಿದ ಶಹಾಬಾದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಸಾವಿನ ಮನೆಯ ಅಂಗಳದಲ್ಲಿ ಹಾಗೆ ಕೂತು ಲೆಕ್ಕ ಬರೆಯುವುದನ್ನು ಹಳೆಯ ನರ್ಸುಗಳು ಬಿಟ್ಟಗಣ್ಣಿನಿಂದ ನೋಡಿದರು.

"ಒಂದು ಉತ್ತರ ನಮ್ಮ ಹತ್ರ ಅದರಿ ಕಾಕಾ, ಇ ಘಾತ ಮೂರು ಎಕ್ಸ್. ಎರಡನೇದು ಗೊತ್ತಿಲ್ಲ. ಗೊತ್ತಿಲ್ಲಂದ್ರ, ಗೊತ್ತಿದ್ದದ್ದಕ್ಕ ಏನೋ ಒಂದು ಗುಣಿಸಿದ್ರ ಸಿಗಬಹುದು ಅಂತ ಹಿಡೀರಿ. ಆ ಏನೋ ಒಂದಕ್ಕ 'ಯು' ಅಂತ ಹೆಸರ ಇಡೋಣು. ಈಗ ಇದನ್ನ ಒಯ್ದು ಸಮೀಕರಣದಾಗ ಹಾಕ್ರಿ." ಅವಳ ಕೈ ಸರಸರನೆ ಓಡಿತು. "ಇಲ್ಲಿ ಒಂಬತ್ತು ಯು, ಇಲ್ಲಿ ಮೈನಸ್ ಹದಿನೆಂಟು, ಇಲ್ಲಿ ಮತ್ತ ಒಂಬತ್ತು. ಹೋತು. ಆರು ಯು ಡ್ಯಾಶ್, ಮೈನಸ್ ಆರು ಯು ಡ್ಯಾಶ್. ಅದೂ ಹೋತು. ಉಳದದ್ದು ಯು ಡಬಲ್ ಡ್ಯಾಶ್ ಒಂದೇ. ಅದು ಸೊನ್ನಿ ಆಗಬೇಕು. ಎರಡು ಸಲ ಡಿಫರೆನ್ಶಿಯೇಟ್ ಮಾಡಿದ್ರ ಸೊನ್ನಿ ಆಗೂದು ಯಾವುದು?"

ಸಿದ್ದೇಶ್ವರ ಬಗ್ಗಿ ನೋಡಿದರು. "ನೆಟ್ಟನ ಗೆರಿ. ಒಂದು ಬರೇ ಸಂಖ್ಯಾ, ಒಂದು ಎಕ್ಸ್..." ಅವರು ಅವಳು ಬರೆದದ್ದರ ಮೇಲೆ ಬೆರಳಿಟ್ಟರು. "ಎಕ್ಸ್ ವರ್ಗ ಯಾಕಲ್ಲ ಅಂದ್ರ ಅದು ಎರಡು ಸಲಕ್ಕ ಸೊನ್ನಿ ಆಗಂಗಿಲ್ಲ. ಹೌದಲ್ಲೇ! ಇಷ್ಟೇನಾ?"

"ಇಷ್ಟೇ ರಿ ಕಾಕಾ."

"ಇಷ್ಟೇನಾ!" ಎಂದರು ಅವರು ಮತ್ತೊಮ್ಮೆ, ಈ ಸಲ ತೀರ ಮೆತ್ತಗೆ. ಅವಳ ಮುಖ ನೋಡಿ, ಕೇಳಬಾರದಿತ್ತು ಎನ್ನಿಸಿರಬೇಕು. ಲೋಟ ಕೆಳಗಿಟ್ಟು ಎದ್ದುಹೋದರು.

*

ಅವಳಿಗೆ ಅದು ತಿಳಿದದ್ದು ಎಂ.ಎಸ್ಸಿ.ಗೆ ಸೇರಿದ ವರ್ಷ. ಪ್ರೊಫೆಸರರು ಯಾವುದೋ ದೊಡ್ಡ ಪ್ರಮೇಯದ ನಡುವೆ, ಇದೇನು ಮಹಾ ಎಂಬಂತೆ, ಬೋರ್ಡಿನ ಮೂಲೆಯಲ್ಲಿ ನಾಲ್ಕು ಸಾಲು ಬರೆದು ಒರೆಸಿದ್ದರು. ಕ್ಲಾಸು ಮುಂದೆ ಹೋಗಿತ್ತು. ಏಂಜೆಲಳ ಕಣ್ಣು ಒರೆಸಿದ ಮೂಲೆಯಲ್ಲೇ ಉಳಿದಿತ್ತು. ರಜೆಗೆ ಊರಿಗೆ ಹೋದ ಕೂಡಲೇ ಅಪ್ಪನಿಗೆ ಹೇಳಬೇಕು ಎಂದುಕೊಂಡಳು.

ಹೋದಾಗ ಅಪ್ಪ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಅವಳೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡಳು. "ಅಪ್ಪಾ," ಎಂದಳು.

"ಹೇಳು ಬೇಟಾ."

ಹೇಳಬೇಕಾದರೆ ಆ ಬೆಳಗಿನ ಮಾತನ್ನು ಮತ್ತೆ ಎತ್ತಬೇಕು. ತಾನು ಅಂದದ್ದೂ, ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದೂ ಎದುರಿಗೆ ಬಂದು ಕೂರುತ್ತವೆ. ಮಾಯುತ್ತಿರುವ ಗಾಯ ಕೆದಕಿದಂತೆ. ಅಲ್ಲದೆ, ಪರೀಕ್ಷೆಯ ಕಾಲವೂ ಮುಗಿದುಹೋಗಿದೆ; ಈಗ ಹೇಳಿ ಪ್ರಯೋಜನವೇನು?

"ಏನಿಲ್ರಿ. ಶೇಂಗಾ ಛಲೋ ಅದಾವ," ಎಂದಳು.

ಅಪ್ಪ ಸುಲಿದದ್ದನ್ನೆಲ್ಲ ಅವಳ ಕಡೆ ಸರಿಸಿದ.

ಆಮೇಲೆ ನೌಕರಿ ಸಿಕ್ಕಿತು. ಪ್ರತಿ ವರ್ಷ ಆ ಪಾಠ ಬಂದಾಗ ಅವಳು ಆ ನಾಲ್ಕು ಸಾಲುಗಳನ್ನು ತಪ್ಪದೆ ಬರೆಯುತ್ತಿದ್ದಳು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಹುಡುಗರು ಕೇಳುತ್ತಿದ್ದರು. ಬರುವುದಿಲ್ಲ ಎಂದರೆ ಪೆನ್ನು ಕೆಳಗಿಡುತ್ತಿದ್ದರು. ಕೇಳದವರಿಗೆಲ್ಲ ವರ್ಷವರ್ಷವೂ ಹೇಳಿದಳು. ಕೇಳಿದವನು, ಸಂಜೆ ಅವಳು ಮನೆಗೆ ಹೋದರೆ, ಅಲ್ಲೇ ಊಟಕ್ಕೆ ಕಾಯುತ್ತ ಕೂತಿರುತ್ತಿದ್ದ.

*

"ಏನ್ ಮಾಡೋಣ್ರಿ ಮೇಡಂ?" ಎಂದು ಫಿರೋಜ ಮತ್ತೆ ಕೇಳುವ ಹೊತ್ತಿಗೆ ಪಾಸ್ಟರ್ ಬಂದಿದ್ದರು. ಏಂಜೆಲ ಒಳಗೆ ಹೋಗಿ ತಾಯಿಯ ಪಕ್ಕದಲ್ಲಿ ಕೂತಳು.

"ಅವ್ವಾ, ಯಾರಾರೆ ಇಂಜಿನಿಯರ ಅಂದ್ರ ಅಪ್ಪ ಸುಮ್ಮ ಕೂಡತಿದ್ರೇನು?"

ರೂತ ಗಂಡನ ಅಂಗಿಯ ಕಾಲರನ್ನು ಸರಿಮಾಡಿದಳು. "ದವಾಖಾನ್ಯಾಗ ಹೊಸಾ ಡಾಕ್ಟರ್ ಬಂದಾಗ, ಇವರು ಸಿಸ್ಟರ್ ಅವರ ಮನಿಯವರು, ಇಂಜಿನಿಯರ ಅಂತ ಯಾರೋ ಹೇಳಿದ್ರು. ಇವರು ಎಲ್ಲಾರ ಎದುರಿಗೇ, ಅಲ್ರಿ, ಒಂದು ಸಬ್ಜೆಕ್ಟ್ ಉಳದದ ಅಂದ್ರು. ನನಗ ಭೂಮಿ ಬಾಯಿ ತೆರದು ನುಂಗಬಾರದಾ ಅನ್ನಿಸ್ತು. ಒಂದಿನಾರೆ ಸುಮ್ಮ ಇರಬಾರದಾಗಿತ್ತಾ ಅವರು? ಇವತ್ತೊಂದಿನ ಸುಮ್ಮ ಅದಾರ. ಅದಕ್ಕ ಬರೀ ಅಂದೆ."

ಹೀಗೆಂದವಳಿಗೆ ಅಳುವಿನ ಜೊತೆಗೇ ಒಂದು ನಗೆ ಉಕ್ಕಿ ಬಂದು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಬ್ಯಾಡ ಬಿಡು. ಬರದ್ರ ಎದ್ದು ಬಂದು ತಿದ್ದತಾರ."

ಫಿರೋಜ ಉಳಿದ ಜಾಗದಲ್ಲಿ ಒಂದು ಸಣ್ಣ ಎಲೆಯ ಚಿತ್ರ ಬಿಡಿಸಿ ಕೆಲಸ ಮುಗಿಸಿದ. ಪೆಟ್ಟಿಗೆ ಹೊತ್ತವರು ಸೀಮೆಸುಣ್ಣದ ಲೆಕ್ಕವಿದ್ದ ಶಹಾಬಾದ ಕಲ್ಲಿನ ಮೇಲೆ ಹಾಯ್ದು ಹೊರಟರು.

ಚರ್ಚಿನಲ್ಲಿ ಏಂಜೆಲ ಎದ್ದು ನಿಂತಳು. ಹುಟ್ಟಿದ ಊರು, ಓದಿದ ಬೋರ್ಡಿಂಗು, ಲಗ್ನ, ಮಕ್ಕಳು. "ಇಂಜಿನಿಯರಿಂಗ್ ಓದಿದರು," ಎಂದಳು. "ಒಂದು ವಿಷಯ ಉಳಿಯಿತು." ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು. ಮುಂದಿನ ಮಾತು ಅವಳಲ್ಲಿ ಸಿದ್ಧವಿತ್ತು. ಅವರು ಒಂದು ಪ್ರಶ್ನೆ ಕೇಳಿದ್ದರು, ಉತ್ತರ ಮನೆಯಲ್ಲೇ ಇತ್ತು, ಎನ್ನಬೇಕಿತ್ತು. ತುಟಿಯವರೆಗೆ ಬಂತು. ಎದುರಿಗೆ ಕೂತಿದ್ದ ಸಿದ್ದೇಶ್ವರ ಕಣ್ಣು ಮುಚ್ಚಿಕೊಂಡರು. ಏಂಜೆಲ ಕೈಯಲ್ಲಿದ್ದ ಹಾಳೆ ನೋಡಿ, "ಭಾಲ್ಕಿಯಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸಿ ನಿವೃತ್ತರಾದರು," ಎಂದು ಓದಿ ಕೂತುಬಿಟ್ಟಳು.

ಮಣ್ಣು ಕೊಟ್ಟು, ಪ್ರಾರ್ಥನೆ ಮುಗಿದು, ಮಂದಿ ಚದುರಿದರು. ಜೋಯಲ ತಾಯಿಯನ್ನು ಆಟೋ ಹತ್ತಿಸಿಕೊಂಡು ಹೋದ. ನೀನು ನಡಿ, ಹಿಂದಿನಿಂದ ಬರುತ್ತೇನೆ ಎಂದು ಏಂಜೆಲ ಒಬ್ಬಳೇ ನಿಂತಳು. ಆಗ ಗೇಟಿನ ಬಳಿ ಟಂಟಂ ಗಾಡಿಯೊಂದು ನಿಂತು, ಬಿಳಿ ಗಡ್ಡದ ಮುದುಕನೊಬ್ಬ ಇಳಿದು ದಡಬಡಿಸಿ ಬಂದ. ತಲೆಯ ಮೇಲೆ ಟೋಪಿ, ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕೊಡ.

"ಆಗಿಬಿಟ್ಟತೇನ್ರಿ ಮೇಡಂ? ತಡಾ ಆತು. ನಾ ಬದ್ರೋದ್ದೀನ, ಭಾಲ್ಕಿ ಕಡಿಂದ. ಕಾಲುವಿ ತುದೀಗಿ ನಮ್ಮ ಹೊಲ. ತುದೀತನ ನೀರು ಮುಟ್ಟಿಸಬೇಕಂತ ಇಂಜಿನಿಯರ ಸಾಬ್ರು ದಂಡಿಗುಂಟ ನಡಕೋತ ಬರ್ತಿದ್ರು." ಅವನು ಗುಡ್ಡೆಯ ಎದುರು ನಿಂತು ಒಂದು ಗಳಿಗೆ ಅಂಗೈಗಳನ್ನೆತ್ತಿ ದುವಾ ಮಾಡಿದ. ಆಮೇಲೆ ಅವಳ ಕಡೆ ತಿರುಗಿದ. "ಒಂದು ಮಾತು ಕೇಳ್ಲೇನ್ರಿ? ಇಂಜಿನಿಯರ ಸಾಬ ಅಂದಾಗೆಲ್ಲಾ, ನಂದು ಒಂದು ಸಬ್ಜೆಕ್ಟ್ ಉಳದದ ಅಂತಿದ್ರು. ನಾವು ಓದಿದವರಲ್ಲ. ಏನೋ ಜಮೀನಿನ ತಕರಾರು ಇರಬೇಕು, ಕಚೇರ್ಯಾಗ ನಡದದ ಅಂತ ತಿಳಕೊಂಡಿದ್ವಿ. ಬಗಿಹರೀಲಿ ಅಂತ ದುವಾನೂ ಮಾಡತಿದ್ವಿ. ಕಡೀಕ ಅದು ಬಗಿಹರೀತೇನ್ರಿ?"

ಏಂಜೆಲ ಶಿಲುಬೆಯ ಮೇಲಿನ ಎಲೆಯ ಚಿತ್ರ ನೋಡಿದಳು.

"ಇಲ್ಲ ಚಾಚಾ," ಎಂದಳು. "ಬಗಿಹರೀಲಿಲ್ಲ."

"ಯಾ ಅಲ್ಲಾ," ಎಂದು ಮುದುಕ ತಲೆ ಅಲ್ಲಾಡಿಸಿದ. ತಮ್ಮವರ ಗೋರಿಗಳಿಗೆ ಎರೆಯುವ ಹಾಗೆ ತಲೆಯ ಕಡೆಯಿಂದ ನೀರು ಎರೆಯತೊಡಗಿದ. ಹೊಸ ಕೆಮ್ಮಣ್ಣು ನೀರನ್ನು ಹಿಡಿಯಲಿಲ್ಲ. ಅದು ಒಂದೇ ಪಕ್ಕಕ್ಕೆ ಸೀಳಿಕೊಂಡು ಹರಿದು ದಾರಿಗೆ ಬಂತು. ಬದ್ರೋದ್ದೀನ ಕೊಡವನ್ನು ಕೆಳಗಿಟ್ಟ. ಮಂಡಿಯೂರಿ, ಎರಡೂ ಕೈಗಳಿಂದ ಮಣ್ಣು ಬಳಿದು, ಗುಡ್ಡೆಯ ಸುತ್ತ ಬೆರಳೆತ್ತರದ ಒಡ್ಡು ಕಟ್ಟಿದ. ತುದಿಯಲ್ಲಿ ಒಂದೆಡೆ ಸಡಿಲಿದ್ದದ್ದನ್ನು ಅಂಗೈಯಿಂದ ತಟ್ಟಿ ಗಟ್ಟಿ ಮಾಡಿದ. ಆಮೇಲೆ ಉಳಿದ ನೀರನ್ನು ಸಾವಕಾಶ ಸುರಿದ. ನೀರು ಒಡ್ಡಿನವರೆಗೂ ಹೋಗಿ, ಅಲ್ಲಿ ನಿಂತು, ಮೆಲ್ಲಗೆ ಇಂಗತೊಡಗಿತು.